ಕಿಟಕಿಯ ಬಿಸಿಲು ಬಿಸಿಲಲ್ಲ

ಆಮೆ ಎಂದ ಕೂಡಲೇ ನಮಗೆ ನೆನಪಾಗುವುದು ಅದು ಒಳಕ್ಕೆ ಎಳೆದುಕೊಳ್ಳುವ ಪರಿ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಇದೆ. ಆಮೆ ಕೈಕಾಲುಗಳನ್ನು ಎಳೆದುಕೊಂಡಂತೆ ಅವನು ಇಂದ್ರಿಯಗಳನ್ನು ವಿಷಯಗಳಿಂದ ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಪಿಎಚ್‌ಡಿ ಮಾಡುವವರಿಗೆ ಈ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ಒಂದು ಕೋಣೆ, ಒಂದು ಮೇಜು, ಮುಚ್ಚಿದ ಬಾಗಿಲು. ಮಿಕ್ಕಿದ್ದೆಲ್ಲ ಚಿಪ್ಪಿನ ಆಚೆ. ಆದರೆ ನಿಜವಾದ ಆಮೆಯೊಂದರ ಜೊತೆ ಎರಡು ಬೇಸಿಗೆ ಕಳೆದ ಮೇಲೆ ನನಗೆ ಕಾಣಿಸಿದ್ದು ಬೇರೆಯೇ. ಆಮೆ ದಿನವಿಡೀ ಪಡುವ ಪಾಡೆಲ್ಲ ಹೊರಗೆ ಬರುವುದಕ್ಕೆ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಗೆ ಎಪ್ಪತ್ತು ದಾಟಿದೆ. ಅವರ ಆಮೆಯ ಹೆಸರು ಜಾರ್ಜ್. ಅವರು ಶಾಲೆಗೆ ಹೋಗುವ ಕಾಲದಲ್ಲಿ ಮೆಡಿಟರೇನಿಯನ್ ಕಡಲಿನ ಸುತ್ತಣ ನಾಡುಗಳಿಂದ ಲಕ್ಷಗಟ್ಟಲೆ ಆಮೆಗಳನ್ನು ಪೆಟ್ಟಿಗೆಗಳಲ್ಲಿ ಪೇರಿಸಿ ಬ್ರಿಟನ್ನಿಗೆ ತಂದು ಮಾರುತ್ತಿದ್ದರು. ಎಷ್ಟೋ ಆಮೆಗಳು ಮೊದಲ ಚಳಿಗಾಲವನ್ನೇ ದಾಟುತ್ತಿರಲಿಲ್ಲ. 1984ರಲ್ಲಿ ಆ ಆಮದು ನಿಂತಿತು. ಜಾರ್ಜ್ ಉಳಿದುಕೊಂಡಿತು. ಎಷ್ಟೋ ವರ್ಷಗಳ ಮೇಲೆ ಮೊಟ್ಟೆ ಇಟ್ಟು ತಾನು ಹೆಣ್ಣೆಂದು ತಿಳಿಸಿತು. ಹೆಸರು ಮಾತ್ರ ಅದೇ ಉಳಿಯಿತು.

ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯೊಡತಿಗೆ ಬಗ್ಗಲು ಆಗುತ್ತಿರಲಿಲ್ಲ. ಹಾಗಾಗಿ ಜಾರ್ಜ್ ಹಿಂದಿನ ಕೋಣೆಯಲ್ಲಿ, ಒಂದು ಮರದ ಮೇಜುತೊಟ್ಟಿಯೊಳಗೆ ದೀಪದ ಕೆಳಗೆ ಇತ್ತು. ಅದು ಬರೀ ಬೆಳಕಿನ ದೀಪವಲ್ಲ, ಯುವಿಬಿ ಕಿರಣ ಸೂಸುವ ದೀಪ. ಆ ಕಿರಣ ಮೈಗೆ ಬಿದ್ದರೆ ಆಮೆಯ ದೇಹದಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಅದಿಲ್ಲದೆ ತಿಂದ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ಚಿಪ್ಪೂ ಮೂಳೆಯೇ, ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. "ಕಿಟಕಿಯ ಪಕ್ಕ ಇಟ್ಟರೆ ಸಾಲದೇ?" ಎಂದು ಕೇಳಿದ್ದೆ. "ಗಾಜು ಬೆಳಕನ್ನು ಬಿಡುತ್ತದೆ, ಆ ಕಿರಣವನ್ನು ಬಿಡುವುದಿಲ್ಲ" ಎಂದರು.

ಅದೇ ತಿಂಗಳು ಕಾಲುನೋವೆಂದು ಡಾಕ್ಟರ ಬಳಿ ಹೋಗಿದ್ದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಪಾತಾಳದಲ್ಲಿತ್ತು. ಮಾವಿನ ತೋಪುಗಳ ಶ್ರೀನಿವಾಸಪುರದ ಕಡೆಯವನಿಗೆ ಬಿಸಿಲಿನ ಬರ! ಈ ದೇಶದಲ್ಲಿ ಅಕ್ಟೋಬರಿನಿಂದ ಮಾರ್ಚಿನ ಆರಂಭದವರೆಗೆ ಬೀಳುವ ಬಿಸಿಲು ವಿಟಮಿನ್ ಡಿ ತಯಾರಿಸಲು ಸಾಲದು. ನಮ್ಮಂಥ ಕಂದುಚರ್ಮದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದೆಂದು ಸರ್ಕಾರವೇ ಸಲಹೆ ಕೊಡುತ್ತದೆ. ಮೈಸೂರು ಸೀಮೆಯ ಹಳೆಯ ಕಂದಾಯ ದಾಖಲೆಗಳನ್ನು ಹರವಿಕೊಂಡು ಇಡೀ ದಿನ ನಾನು ಕೂರುತ್ತಿದ್ದದ್ದೂ ಕಿಟಕಿಯ ಪಕ್ಕದಲ್ಲೇ. ಆ ಮನೆಯಲ್ಲಿ ಗಾಜಿನ ಹಿಂದೆ ಇದ್ದ ಜೀವಗಳು ಎರಡು. ಜಾರ್ಜನ್ನು ಹಿತ್ತಲಿಗೆ ಕರೆದೊಯ್ಯುವ ಕೆಲಸ ನಾನು ಒಪ್ಪಿಕೊಂಡದ್ದು ಹೀಗೆ.

ಹಿತ್ತಲಿಗೆ ಬಿಡುವುದೆಂದರೆ ಬಾಗಿಲು ತೆರೆಯುವುದು ಎಂದುಕೊಂಡವರಿಗೆ ಆಮೆ ಒಂದು ವಾರದ ಕೆಲಸ ಕೊಡುತ್ತದೆ. ಹಿಂದೆ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುವ ರೂಢಿ ಇತ್ತಂತೆ. ಚಿಪ್ಪಿಗೆ ನರವಿದೆ, ರಕ್ತವಿದೆ. ಅದು ನಮ್ಮ ಹಲ್ಲು ಕೊರೆದಷ್ಟೇ ನೋವು. ನಾವು ಹಲಗೆಯ ಗೋಡೆ ಕಟ್ಟಿದೆವು. ಜಾಲರಿಯಾದರೆ ಆಚೆಯದು ಕಾಣುತ್ತದೆ, ಕಂಡರೆ ಆಮೆ ದಿನವಿಡೀ ಅದನ್ನೇ ತಳ್ಳುತ್ತ ಸವೆಯುತ್ತದೆ. ಅಡಿಯಲ್ಲಿ ತೋಡಿಕೊಂಡು ಹೋಗದಂತೆ ಇಟ್ಟಿಗೆ ಹೂತೆವು. ಮೇಲೆ ತಂತಿಯ ಮುಚ್ಚಳ, ಏಕೆಂದರೆ ಲೀಡ್ಸ್‌ನ ಬೀದಿಗಳಲ್ಲಿ ನರಿಗಳು ನಾಯಿಗಳಷ್ಟೇ ಸಲೀಸಾಗಿ ಓಡಾಡುತ್ತವೆ. ಅರ್ಧ ಬಿಸಿಲು, ಅರ್ಧ ನೆರಳು, ಒಂದು ಗೂಡು, ಆಳವಿಲ್ಲದ ತಟ್ಟೆಯಲ್ಲಿ ನೀರು. ಡ್ಯಾಂಡೆಲಿಯನ್ ಮತ್ತು ಕ್ಲೋವರ್ ಇರಲಿ ಎಂದು ಬಿಟ್ಟೆವು. ಡ್ಯಾಫೊಡಿಲ್ ಮತ್ತು ಫಾಕ್ಸ್‌ಗ್ಲೋವ್ ವಿಷವೆಂದು ಕಿತ್ತೆವು. ಪಕ್ಕದ ಮನೆಯವರನ್ನು ಬಸವನಹುಳದ ವಿಷ ಚೆಲ್ಲಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಎರಡು ವರ್ಷದಲ್ಲಿ ನಾನು ಅವರೊಡನೆ ಆಡಿದ ಮೊದಲ ಮಾತು ಅದು.

ಇಷ್ಟೆಲ್ಲ ಕಟ್ಟುವಾಗ ನನಗೆ ಬೇಲಿಯ ಬಗ್ಗೆ ಇದ್ದ ಭಾವನೆ ಮೆಲ್ಲಗೆ ತಿರುಗಿತು. ಹೊರಗು ಎನ್ನುವುದು ತಾನಾಗಿ ಬಿದ್ದಿರುವ ಜಾಗವೇನಲ್ಲ. ಪರದೇಶದಲ್ಲಿರುವ ಜೀವಕ್ಕೆ ಅದನ್ನು ಯಾರಾದರೂ ಕಟ್ಟಿಕೊಡಬೇಕು.

ಮೊದಲ ದಿನ ಅರ್ಧ ಗಂಟೆ, ಆಮೇಲೆ ಹೆಚ್ಚು. ಒಣ ದಿನ, ಹದಿನೆಂಟು ಡಿಗ್ರಿಗಿಂತ ಹೆಚ್ಚಿನ ಬಿಸಿ ಇರಬೇಕು. ಆಮೆ ಕಲ್ಲು ಹತ್ತಿ ಮಗುಚಿಕೊಂಡರೆ ಬಿಸಿಲಲ್ಲಿ ಬೆಂದು ಸಾಯಬಹುದು, ಆದ್ದರಿಂದ ನಾನು ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತಿದ್ದೆ. ಜಾರ್ಜ್ ಮೊದಲು ಕತ್ತು ಚಾಚುತ್ತದೆ. ಆಮೇಲೆ ಬಿಸಿಲಿಗೆ ಬಂದು ನಾಲ್ಕೂ ಕಾಲುಗಳನ್ನು ಹಿಟ್ಟು ಲಟ್ಟಿಸಿದಂತೆ ಹರಡಿ ಮಲಗುತ್ತದೆ. ಮೈ ಕಾದ ಮೇಲೆಯೇ ಹಸಿವು, ನಡಿಗೆ, ಕುತೂಹಲ.

ಹದಿನೆಂಟನೇ ಶತಮಾನದ ಪಾದ್ರಿ ಗಿಲ್ಬರ್ಟ್ ವೈಟ್ ಇದನ್ನು ನನಗಿಂತ ಚೆನ್ನಾಗಿ ನೋಡಿದ್ದರು. 1780ರಲ್ಲಿ ಅವರ ಸೋದರತ್ತೆಯ ಆಮೆ ಟಿಮೊಥಿ ಅವರ ಪಾಲಿಗೆ ಬಂತು. ಸೆಲ್ಬೋರ್ನ್ ಹಳ್ಳಿಯ ತೋಟದಲ್ಲಿ ಅದು ಇಳಿಬಿಸಿಲಿನ ಶರತ್ಕಾಲದಲ್ಲಿ ತನ್ನ ಚಿಪ್ಪನ್ನು ಗೋಡೆಗೆ ಓರೆಯಾಗಿ ಆನಿಸಿ ನಿಲ್ಲುತ್ತಿತ್ತು, ಬಡಕಲು ಕಿರಣವೊಂದೂ ತಪ್ಪದಿರಲೆಂದು. ರೇಖಾಗಣಿತ ಓದದ ಜೀವಿಯ ಈ ಲೆಕ್ಕಕ್ಕೆ ವೈಟ್ ಬೆರಗಾಗಿದ್ದರು. ಟಿಮೊಥಿಯೂ ಹೆಣ್ಣೆಂದು ಗೊತ್ತಾದದ್ದು ಅದು ಸತ್ತ ಮೇಲೆ. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಊರಿಗೆ ಜಾರ್ಜ್‌ನ ಫೋಟೊ ಕಳಿಸಿದಾಗ ತಮ್ಮ ಕೇಳಿದ, "ನಾವೂ ಒಂದು ತರೋಣವಾ?" ನಮ್ಮ ಕಡೆಯ ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆಗಳಿವೆ. ಅದೃಷ್ಟ ತರುತ್ತವೆಂದು ಕದ್ದು ಸಾಕುವವರೂ, ಸೂಟ್‌ಕೇಸಿನಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿದು ಸಾಕುವುದು ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ತಮ್ಮನಿಗೆ ಹೇಳಿದೆ: ಜಾರ್ಜ್‌ಗೆ ನಾವು ಹಲಗೆ ಹೊಡೆದು ಕಟ್ಟಿಕೊಟ್ಟಿದ್ದೆಲ್ಲ ಅಲ್ಲಿನ ಆಮೆಗೆ ಹುಟ್ಟಿನಿಂದಲೇ ಇದೆ. ಅದನ್ನು ಮನೆಗೆ ತಂದು, ಆಮೇಲೆ ದೀಪ ಕೊಂಡು, ಹಿತ್ತಲಿಗೆ ಬೇಲಿ ಹಾಕಿ ವಾಪಸು ಕೊಡುವ ಉಪಕಾರ ಯಾಕೆ? ಅದನ್ನು ಕಂಡರೆ ದಾರಿ ಬಿಟ್ಟು ನಿಂತರೆ ಸಾಕು.

ಸೆಪ್ಟೆಂಬರಿನಲ್ಲಿ ನನ್ನ ಪ್ರಬಂಧ ಸಲ್ಲಿಕೆಯಾಗುತ್ತದೆ, ಕೋಣೆ ಬಿಡಬೇಕು. ಮನೆಯೊಡತಿ ಒಂದು ಸಂಜೆ ಚಹಾ ಕುಡಿಯುತ್ತ, ಜಾರ್ಜ್ ತನಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದರು. ದುಃಖವಿರಲಿಲ್ಲ, ಬಾಡಿಗೆ ಕರಾರಿನ ಮಾತಿನಂತೆ ಹೇಳಿದರು. ಅಂದೇ ರಾತ್ರಿ ನಾನು ಮುಂದಿನ ಬಾಡಿಗೆದಾರರಿಗಾಗಿ ಒಂದು ಪುಟ ಬರೆದೆ: ಬಿಸಿ ಎಷ್ಟಿರಬೇಕು, ಯಾವ ಗಿಡ ಕೀಳಬೇಕು, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಕುರ್ಚಿ ಎಲ್ಲಿ ಹಾಕಿದರೆ ಕೂತವರಿಗೂ ಬಿಸಿಲು ಬೀಳುತ್ತದೆ. ಮೂರು ವರ್ಷದಲ್ಲಿ ನಾನು ಬರೆದ ಪುಟಗಳಲ್ಲಿ ಯಾರೂ ತಿದ್ದುಪಡಿ ಕೇಳದೆ ಒಪ್ಪಿದ್ದು ಇದೊಂದೇ.

ಹೊಸ ಹುಡುಗಿ ಅಕ್ಟೋಬರಿನಲ್ಲಿ ಬರುತ್ತಾಳಂತೆ. ಇಲ್ಲಿನ ಎಷ್ಟೋ ಮನೆಗಳಂತೆ ಈ ಮನೆಯಲ್ಲೂ ಚಳಿಗಾಲದ ನಿದ್ದೆ ಫ್ರಿಜ್ಜಿನೊಳಗೆ, ಐದು ಡಿಗ್ರಿಯ ಆಸುಪಾಸಿನಲ್ಲಿ. ಅವಳು ಪೆಟ್ಟಿಗೆ ಬಿಚ್ಚಿ ಪುಸ್ತಕ ಜೋಡಿಸಿಕೊಳ್ಳುವ ಹೊತ್ತಿಗೆ ಜಾರ್ಜ್‌ನ ಊಟ ನಿಲ್ಲಿಸಿ ಅದಕ್ಕೆ ಅಣಿ ಮಾಡುತ್ತಿರುತ್ತಾರೆ. ಅವರಿಬ್ಬರ ಪರಿಚಯ ಮಾರ್ಚಿನಲ್ಲಿ.