ಹೊರಟು ನಿಂತ ಅತಿಥಿಗಳು

ವಸಂತವೆಂದರೆ ಆಗಮನದ ಕಾಲ. ಮಾವಿಗೆ ಚಿಗುರು ಬರುವುದು, ಕೋಗಿಲೆಗೆ ದನಿ ಬರುವುದು, ಯುಗಾದಿಗೆ ಮಗಳೂ ಅಳಿಯನೂ ಮನೆಗೆ ಬರುವರು. ಆದರೆ ಕೋಡಿಯಕ್ಕರೈಯ ಕಡಲಂಚಿನಲ್ಲಿ ವಸಂತವು ಬೀಳ್ಕೊಡುಗೆಯ ಕಾಲ.

ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ, ಬಂಗಾಳ ಕೊಲ್ಲಿಯ ಕರಾವಳಿಯು ಪಾಕ್ ಜಲಸಂಧಿಯ ಕಡೆಗೆ ಹೊರಳುವ ಮೂಲೆಯಲ್ಲಿ ಈ ಊರಿದೆ. ಕುಂದಾಪುರದ ಕಡೆಯವರಿಗೆ ‘ಕೋಡಿ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಕಾಡು 1967ರಲ್ಲಿ ವನ್ಯಜೀವಿಧಾಮವಾಯಿತು. ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು, ಅದರಾಚೆ ಉಪ್ಪಿನ ಅಗರಗಳು, ಕೆಸರಿನ ಬಯಲು.

ಚೈತ್ರದ ಮುಂಜಾನೆ ದುರ್ಬೀನನ್ನು ಕೊರಳಿಗೆ ತೂಗುಹಾಕಿಕೊಂಡು ಸಂಸಾರಸಮೇತನಾಗಿ ಬರುವ ಪಟ್ಟಣದ ಗೃಹಸ್ಥನು ಮೊದಲು ಅರಸುವುದು ರಾಜಹಂಸಗಳನ್ನು. ದೂರದ ನೀರಿನಲ್ಲಿ ನಾಲ್ಕಾರು ಕಂಡರೆ ಸಾಕು, ಮಕ್ಕಳು ಕುಣಿಯುವರು, ಪ್ರಯಾಣ ಸಾರ್ಥಕವೆನಿಸುವುದು. ಹತ್ತಿರದ ಕೆಸರಿನಲ್ಲಿ ಓಡಾಡುವ ಪುಟ್ಟ ಹಕ್ಕಿಗಳ ಕಡೆ ಯಾರ ದೃಷ್ಟಿಯೂ ಹೋಗದು.

ಆ ಗುಂಪಿನಲ್ಲಿ ಬಾಗಿದ ಕೊಕ್ಕಿನ ಉಲ್ಲಂಕಿಯೂ ಉಂಟು. ಮುಷ್ಟಿಗಿಂತ ತುಸು ದೊಡ್ಡದಾದ ಈ ಹಕ್ಕಿ ಚಳಿಗಾಲವೆಲ್ಲ ಬೂದುಬಣ್ಣದ ಸಾದಾ ಉಡುಪಿನಲ್ಲಿ ಕಳೆಯುತ್ತದೆ. ವಸಂತದಲ್ಲಿ ಅದರ ಎದೆ ಇಟ್ಟಿಗೆಯಂತೆ ಕೆಂಪೇರತೊಡಗುವುದು. ಮದುಮಗನ ಸಿಂಗಾರವೇ ಸರಿ. ಮದುವೆಯ ಮನೆ ಮಾತ್ರ ಸಹಸ್ರಾರು ಮೈಲಿ ದೂರದ ಸೈಬೀರಿಯದಲ್ಲಿ, ಹಿಮ ಕರಗುವ ಉತ್ತರದ ಬಯಲಿನಲ್ಲಿದೆ.

“ಇವಕ್ಕೆ ತಿನ್ನುವುದೊಂದೇ ಕಸುಬೇನು?” ಎಂದು ಗೃಹಿಣಿ ನಗಬಹುದು. ಆ ಕಸುಬಿನಲ್ಲಿಯೇ ಹಕ್ಕಿಯ ಪ್ರಾಣವಿದೆ. ಕೆಸರಿನಿಂದ ಹೆಕ್ಕಿದ ಹುಳುಗಳೆಲ್ಲ ಚರ್ಮದ ಕೆಳಗೆ ಕೊಬ್ಬಾಗಿ ಕೂಡುತ್ತವೆ. ದೀರ್ಘಪ್ರಯಾಣಕ್ಕೆ ಅದೇ ಬುತ್ತಿ. ಚಿತ್ರ ತೆಗೆಯುವ ಆತುರದಲ್ಲಿ ಒಬ್ಬನು ನಾಲ್ಕು ಹೆಜ್ಜೆ ಮುಂದೆ ನುಗ್ಗಿದರೆ ಹಿಂಡಿಗೆ ಹಿಂಡೇ ಭರ್ರನೆ ಮೇಲೇಳುತ್ತದೆ. ನೋಡುವವನಿಗೆ ಅದು ಸೊಬಗು. ಹಕ್ಕಿಗೆ ಕಷ್ಟಪಟ್ಟು ಕೂಡಿಸಿದ ಬುತ್ತಿಯಲ್ಲಿ ಒಂದು ತುತ್ತಿನ ನಷ್ಟ. ಆದ್ದರಿಂದಲೇ ಅನುಭವಸ್ಥರು ದಡದಲ್ಲಿ ಮೆಲ್ಲನೆ ನಡೆಯುವರು, ದೂರದಲ್ಲಿಯೇ ಕುಳಿತುಬಿಡುವರು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು 2024ರಲ್ಲಿ ಈ ಉಲ್ಲಂಕಿಯನ್ನು ಅಳಿವಿನ ಭಯವಿರುವ ಪಕ್ಷಿಗಳ ಸಾಲಿಗೆ ಸೇರಿಸಿತು. ಈಗ ಒಂದು ತುತ್ತೂ ಅಲ್ಪವಲ್ಲ.

ವೈಶಾಖದ ಬಿಸಿಲೇರುವಷ್ಟರಲ್ಲಿ ಬಹುಪಾಲು ಹಕ್ಕಿಗಳು ಹೊರಟುಹೋಗಿರುತ್ತವೆ. ಬಿರುಕುಬಿಟ್ಟ ಬಯಲನ್ನು ನೋಡಿದವರಿಗೆ, ಇಷ್ಟೊಂದು ಜಾಗ ವ್ಯರ್ಥವಾಗಿ ಬಿದ್ದಿದೆಯಲ್ಲಾ ಎನಿಸುವುದು ಸಹಜ. ಆದರೆ ಉತ್ತರದಲ್ಲಿ ಹುಟ್ಟಿದ ಮರಿಗಳನ್ನು ತಾಯಿತಂದೆಗಳು ಕೈಹಿಡಿದು ಕರೆತರುವುದಿಲ್ಲ. ಹಿರಿಯ ಹಕ್ಕಿಗಳು ಮೊದಲೇ ಹೊರಡುತ್ತವೆ. ಮರಿಗಳು ಹಿಂದಿನಿಂದ, ಎಂದೂ ಕಾಣದ ದಕ್ಷಿಣದ ಕಡಲನ್ನು ತಾವೇ ಅರಸಿಕೊಂಡು ಬರುತ್ತವೆ. ಅವು ಬಂದಿಳಿಯುವ ದಿನ ಕೋಡಿಯಕ್ಕರೈಯ ಕೆಸರು ಅಲ್ಲಿಯೇ ಇರಬೇಕು.