ಅಳೆದೂ ಸುರಿದೂ

ಆಚೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬಾರದು ಅನ್ನುವುದು ನಮ್ಮ ಅಮ್ಮನ ಕಾನೂನು. ಬೇರೇನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಾದರೂ ಹಾಕಬೇಕು. ಶಿರಸಿ ಸೀಮೆಯ ನಮ್ಮೂರಿನಲ್ಲಿ ಮಳೆ ಹಿಡಿದ ಮೇಲೆ ಕಳಲೆ, ಗುಡುಗಿದ ಮೇಲೆ ಅಣಬೆ, ಚೌತಿಯ ಹೊತ್ತಿಗೆ ಮೊಗೆಕಾಯಿ, ಯಾವುದೂ ಒಂದೇ ಮನೆಯಲ್ಲಿ ಬೆಂದು ಮುಗಿದದ್ದಿಲ್ಲ. ಇದನ್ನೆಲ್ಲ ಆಗ ಯಾರೂ ಸಂಸ್ಕೃತಿ ಗಿಂಸ್ಕೃತಿ ಎಂದು ಕರೆಯುತ್ತಿರಲಿಲ್ಲ. ಹೆಚ್ಚಾದದ್ದು ಹಾಳಾಗಬಾರದು, ಅಷ್ಟೆ.

ಇಂಥದೇ ಇನ್ನೊಂದು ಊರನ್ನು ನಾನು ನೋಡಿದ್ದು ಜಪಾನಿನಲ್ಲಿ, ಅದೂ ಆ ಊರು ಒಮ್ಮೆ ಬರಿದಾದ ಮೇಲೆ. ಮಗಳು ಕೆಲಸಕ್ಕೆಂದು ಸೆಂದಾಯ್‌ನಲ್ಲಿದ್ದಳು. ಒಂದು ನವೆಂಬರಿನಲ್ಲಿ ಅವಳ ಸಹೋದ್ಯೋಗಿಯೊಬ್ಬರ ಜೊತೆ ಫುಕುಶಿಮಾ ಪ್ರಾಂತದ ಈತಾತೆ ಎಂಬ ಹಳ್ಳಿಗೆ ಹೋದೆವು. ಅವರ ಅಜ್ಜಿಯ ಮನೆ ಅಲ್ಲಿತ್ತು. ಈತಾತೆ ಕಡಲು ಕಾಣದ ಗುಡ್ಡದೂರು. ಗದ್ದೆ, ದನ, ಸುತ್ತ ಕಾಡು. ಮೊದಲು ಸುಮಾರು 6,000 ಜನರಿದ್ದರಂತೆ. ದಾಯ್‌ಇಚಿ ಅಣುಸ್ಥಾವರ ಅಲ್ಲಿಂದ ಸುಮಾರು 40 ಕಿಲೋಮೀಟರು ದೂರ. ಅಲ್ಲಿ ತಯಾರಾಗುತ್ತಿದ್ದ ಕರೆಂಟು ಹೋಗುತ್ತಿದ್ದುದು ಟೋಕಿಯೊ ಕಡೆಗೆ. ಈ ಊರಿನ ಒಂದು ಬಲ್ಬೂ ಅದರಿಂದ ಉರಿದದ್ದಲ್ಲ.

2011ರ ಮಾರ್ಚ್ 11ರ ಭೂಕಂಪ, ಅದರ ಬೆನ್ನಿಗೇ ಬಂದ ಸುನಾಮಿ, ವಿದ್ಯುತ್ ಹೋಗಿ ರಿಯಾಕ್ಟರುಗಳನ್ನು ತಣ್ಣಗಿಡುವ ಪಂಪುಗಳು ನಿಂತದ್ದು, ಇದೆಲ್ಲ ಟೀವಿಯಲ್ಲಿ ನೋಡಿದ ಕಥೆ. ಈತಾತೆಯ ಕಥೆ ಟೀವಿಗೆ ಅಷ್ಟಾಗಿ ಒಗ್ಗುವಂಥದ್ದಲ್ಲ. ಕಡಲಂಚಿನ ಊರುಗಳಿಂದ ಉಟ್ಟಬಟ್ಟೆಯಲ್ಲಿ ಓಡಿಬಂದವರಿಗೆ ಈ ಹಳ್ಳಿಯವರು ಜಾಗ ಕೊಟ್ಟರು. ಅನ್ನದುಂಡೆ ಕಟ್ಟಿ, ಬಿಸಿ ಸಾರು ಕಾಯಿಸಿ ಬಡಿಸಿದರು. ಮಾರ್ಚ್ 15ರಂದು ಗಾಳಿ ವಾಯವ್ಯಕ್ಕೆ ತಿರುಗಿತು. ಸಂಜೆ ಮಳೆ, ಆಮೇಲೆ ಹಿಮ. ಸ್ಥಾವರದಿಂದ ಗಾಳಿಗೆ ಸೇರಿದ್ದ ವಿಕಿರಣದ ದೂಳೆಲ್ಲ ಗುಡ್ಡದ ಮೇಲೆ, ಗದ್ದೆಯ ಮೇಲೆ, ಹುಲ್ಲಿನ ಮೇಲೆ ಇಳಿಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಡುವವರ ಕಣ್ಣಿಗೆ ಅದು ಬರೀ ಹಿಮ. ತಿಂಗಳು ಕಳೆದು, ಏಪ್ರಿಲ್ 22ರಂದು, ಇಡೀ ಹಳ್ಳಿ ತೆರವಾಗಬೇಕೆಂದು ಸರ್ಕಾರ ಹೇಳಿತು. ಆಸರೆ ಕೊಟ್ಟವರೇ ಆಸರೆ ಹುಡುಕಿಕೊಂಡು ಹೊರಟರು. ಕರೆದ ಹಾಲನ್ನು ಹೊಲಕ್ಕೆ ಚೆಲ್ಲಿ, ಕೊಟ್ಟಿಗೆ ಬರಿದು ಮಾಡಿ, ಬಾಗಿಲು ಎಳೆದುಕೊಂಡು ನಡೆದರು.

ಈತಾತೆಗೆ ವಾಪಸ್ ಬರಬಹುದು ಎಂಬ ಅಪ್ಪಣೆ ಸಿಕ್ಕಿದ್ದು 2017ರ ಮಾರ್ಚ್ 31ಕ್ಕೆ. ಬಂದವರು ನಾಲ್ಕರಲ್ಲಿ ಒಂದು ಪಾಲು, ಅವರಲ್ಲೂ ಹೆಚ್ಚಿನವರು ವಯಸ್ಸಾದವರು. ನಾವು ಕಂಡ ಅಜ್ಜಿ ಅಂಥವರಲ್ಲೊಬ್ಬರು. ಮಾತೆಲ್ಲ ಮಗಳ ಮೂಲಕ. ನಾನು ಕೇಳಲು ಹೊರಟಿದ್ದು ಭಯದ ಕಥೆ. ಅವರು ಹೇಳಿದ್ದು ಈರುಳ್ಳಿ ಸೊಪ್ಪಿನ ಕಥೆ. ಸಾಲಾಗಿ ಕಟ್ಟಿದ ತಾತ್ಕಾಲಿಕ ಮನೆಯಲ್ಲಿ ಇದ್ದಾಗ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಒಂದು ಕಟ್ಟು ಈರುಳ್ಳಿ ಸೊಪ್ಪನ್ನು ದುಡ್ಡು ಕೊಟ್ಟು ತಂದರಂತೆ. ತಂದದ್ದನ್ನು ಅಡುಗೆಕಟ್ಟೆಯ ಮೇಲಿಟ್ಟು, ಹೆಚ್ಚಲು ಮನಸ್ಸಾಗದೆ ಸುಮ್ಮನೆ ಕೂತಿದ್ದರಂತೆ. ಇದನ್ನು ಹೇಳುವಾಗ ಅವರು ನಗುತ್ತಿದ್ದರು. ಮಗ, ಸೊಸೆ, ಮೊಮ್ಮಕ್ಕಳು ಆಗಲೇ ಬೇರೆ ಊರಿಗೆ ಹೋಗಿದ್ದರು. ತುಂಬಿದ ಮನೆಗೆ ಅಡುಗೆ ಮಾಡುತ್ತಿದ್ದವರಿಗೆ ಇಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜೇ ಸಿಗುತ್ತಿರಲಿಲ್ಲ. ಮಿಕ್ಕದ್ದನ್ನು ಪಕ್ಕದವರಿಗೆ ಕೊಡೋಣವೆಂದರೆ ಪಕ್ಕದಲ್ಲಿದ್ದವರು ಯಾವ ಊರಿನವರೋ ಏನೋ.

ಊರು ತೊಳೆದದ್ದೂ ಒಂದು ಸಾಹಸವೇ. ಗದ್ದೆಯ ಮೇಲ್ಮಣ್ಣನ್ನು ಐದು ಸೆಂಟಿಮೀಟರಿನಷ್ಟು ಕೆರೆದು ಕಪ್ಪು ಚೀಲಗಳಿಗೆ ತುಂಬಿದರು. ತಲೆಮಾರುಗಳು ಸೊಪ್ಪು ಗೊಬ್ಬರ ಹಾಕಿ ಸಾಕಿದ ಮಣ್ಣು ಅದೇ. ರೈತನಾದವನಿಗೆ ಅದನ್ನು ಕೆರೆದು ತೆಗೆಯುವುದೆಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಾಂತದಲ್ಲೆಲ್ಲ ಹೀಗೆ ತುಂಬಿದ ಚೀಲಗಳನ್ನು ಸ್ಥಾವರದ ಸುತ್ತಲಿನ ಒಕುಮಾ ಮತ್ತು ಫುತಾಬಾ ಊರುಗಳಿಗೆ ಸಾಗಿಸಿದ್ದಾರೆ. 2045ರೊಳಗೆ ಫುಕುಶಿಮಾದಿಂದಲೇ ಆಚೆ ಒಯ್ಯಬೇಕೆಂದು ಕಾನೂನು ಮಾಡಿದ್ದಾರೆ. ಆದರೆ ಕಾಡನ್ನು ಯಾರು ತೊಳೆದಾರು? ಪ್ರಾಂತದ ಹತ್ತರಲ್ಲಿ ಏಳು ಪಾಲು ಕಾಡು. ಮನೆಯ ಬೇಲಿಯಿಂದ 20 ಮೀಟರಿನಷ್ಟು ಒಳಗೆ ಹೋಗಿ ತರಗೆಲೆ ಗುಡಿಸಿದರು, ಅಲ್ಲಿಗೆ ನಿಂತರು. ಅದರಾಚೆ ವಿಕಿರಣ ಸೂಸುವ ಸೀಸಿಯಂ ತರಗೆಲೆಯಲ್ಲಿ, ಮೇಲ್ಮಣ್ಣಿನಲ್ಲಿ ಕೂತಿದೆ. ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಅಣಬೆಗೋ ಅದನ್ನು ಹೀರಿಕೊಳ್ಳುವ ಚಪಲ. ಕೊಶಿಅಬುರಾ ಎಂಬ ಮರದ ವಸಂತದ ಚಿಗುರಿಗೂ ಹಾಗೆಯೇ. ಊರಿನವರು ಕಾದು ಕೂತು ತಿನ್ನುತ್ತಿದ್ದ ಎರಡು ರುಚಿಗಳೂ ಹೋದವು.

ಅಜ್ಜಿಯ ಗಂಡನಿಗೆ ಮತ್ಸುತಾಕೆ ಅಣಬೆ ಏಳುವ ಜಾಗ ಗೊತ್ತಿತ್ತು. ಆ ಜಾಗವನ್ನು ಹೆತ್ತ ಮಕ್ಕಳಿಗೂ ಹೇಳುವುದಿಲ್ಲ ಎಂಬುದು ಅಲ್ಲಿನ ರೂಢಿ. ನಮ್ಮಲ್ಲೂ ಅಣಬೆ ತರುವ ಹುತ್ತದ ಜಾಗ ಕೇಳಿದರೆ ಎಂಥ ಸಜ್ಜನರೂ ಮಾತು ಹಾರಿಸುತ್ತಾರೆ. ಆದರೆ ಜಾಗ ಮುಚ್ಚಿಟ್ಟರೂ ಅಣಬೆಯನ್ನು ಯಾರೂ ಮುಚ್ಚಿಟ್ಟವರಲ್ಲ. ಮನೆಗೆ ಬಂದದ್ದೇ ಹಂಚಿಕೆ ಶುರು. ಊರಿಗೆ ಮರಳಿದ ಮೇಲೆ ಆ ಯಜಮಾನರು ತಡೆಯಲಾರದೆ ಒಮ್ಮೆ ಕಾಡಿಗೆ ಹೋಗಿ ತಂದರಂತೆ. ಊರಿನ ಸಭಾಭವನದಲ್ಲಿ ವಿಕಿರಣ ಅಳೆಯುವ ಯಂತ್ರವಿದೆ. ಅಳೆಯಬೇಕಾದರೆ ಅಣಬೆಯನ್ನು ಸಣ್ಣಗೆ ಕೊಚ್ಚಿ, ಡಬ್ಬಿಗೆ ಒತ್ತಿ ತುಂಬಿ, ಸೀಸದ ಗೋಡೆಯ ಪೆಟ್ಟಿಗೆಯೊಳಗಿಟ್ಟು ಕಾಯಬೇಕು. ಇಡಿಯಾಗಿ, ಟೊಪ್ಪಿಗೆ ಮುರಿಯದಂತೆ ಹುಲ್ಲಿನಲ್ಲಿ ಸುತ್ತಿ ತಂದ ಅಣಬೆ! ಕೊನೆಗೆ ಯಂತ್ರ ತೋರಿಸಿದ ಅಂಕಿ, ಕಿಲೋಗೆ 100 ಬೆಕೆರೆಲ್ ಎಂಬ ಸರ್ಕಾರದ ಮಿತಿಗಿಂತ ಬಹಳ ಮೇಲೆ. ಮಿತಿಯೊಳಗೆ ಬಂದಿದ್ದರೂ ಏನು ಪ್ರಯೋಜನ? ಕೊಚ್ಚಿದ ಚೂರನ್ನು ಯಾರ ಮನೆಗೆ ಒಯ್ಯುವುದು? ಈಗ ಇಡಿಯಾಗಿ ಇಟ್ಟು ಅಳೆಯುವ ಯಂತ್ರಗಳೂ ಬಂದಿವೆ ಎಂದರು. ಯಜಮಾನರು ಮಾತ್ರ ಮತ್ತೆ ಕಾಡಿಗೆ ಹೋಗಲಿಲ್ಲ. ಜಾಗದ ಗುಟ್ಟು ಅವರೊಂದಿಗೇ ಹೋಯಿತು.

ನಾವು ಹೊರಟಾಗ ಅಜ್ಜಿ ಹಿತ್ತಿಲ ಮೂಲಂಗಿಯೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ತೋಳುದ್ದ, ಬೆಳ್ಳಗೆ, ಬುಡದಲ್ಲಿ ಇನ್ನೂ ಮಣ್ಣು. ಜೊತೆಗೊಂದು ಚೀಟಿ: ಅದೇ ಪಾತಿಯ ಮೂಲಂಗಿಯನ್ನು ಅಳೆಸಿದ ತಾರೀಕು, ಏನೂ ಪತ್ತೆಯಾಗಿಲ್ಲ ಎಂಬ ಒಕ್ಕಣೆ. ಮಗಳು ಮೊದಲು ಚೀಟಿ ಓದಿದಳು, ಆಮೇಲೆ ಮೂಲಂಗಿ ಹಿಡಿದುಕೊಂಡಳು. ಅಜ್ಜಿ ಅದನ್ನು ನೋಡಿದರು. ಬೇಸರಪಟ್ಟಂತೆ ಕಾಣಲಿಲ್ಲ, ಚೀಟಿಯನ್ನು ಕೊಟ್ಟದ್ದೇ ಅದಕ್ಕಲ್ಲವೇ. ನಾನು ಒಯ್ದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅವರು ಆಗಲೇ ಬೆರಳಲ್ಲಿ ಅದ್ದಿ ಚಪ್ಪರಿಸಿದ್ದರು. ನನ್ನನ್ನು ಯಾವ ಚೀಟಿಯನ್ನೂ ಕೇಳಿರಲಿಲ್ಲ.

ಫುಕುಶಿಮಾದ ರೈತರ ಮೇಲೆ ಯಾರೂ ಅನುಮಾನ ಪಡುವಂತಿಲ್ಲ ಎಂಬುದನ್ನೂ ಹೇಳಲೇಬೇಕು. ಉತ್ತರದ ದಾತೆ ಕಡೆಯವರು ಸಿಪ್ಪೆ ಹೆರೆದ ಪರ್ಸಿಮನ್ ಹಣ್ಣನ್ನು ದಾರಕ್ಕೆ ಪೋಣಿಸಿ ಒಣಗಿಸಿ ಮಾರುವವರು. 2011ರಲ್ಲಿ ಅದು ನಿಂತಿತು. ಚಳಿಗಾಲದಲ್ಲಿ ಒಂದೊಂದೇ ಮರದ ತೊಗಟೆಯನ್ನು ರಭಸದ ನೀರು ಬಿಟ್ಟು ತೊಳೆದು, 2013ಕ್ಕೆ ಮತ್ತೆ ಹಣ್ಣು ಒಣಹಾಕಿದರು. ಅಕ್ಕಿಯದಂತೂ 2012ರಿಂದ ಪ್ರತಿ ಚೀಲ, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ, ಯಂತ್ರದಡಿ ಹಾಯಿಸಿದರು. 2015ರ ಬೆಳೆಯಿಂದೀಚೆ ಒಂದು ಚೀಲವೂ ಮಿತಿ ಮೀರಲಿಲ್ಲ. ಪೇಟೆಗೆ ಹೋಗುವ ಅಕ್ಕಿಗೆ ಹೀಗೆ ಪ್ರಮಾಣಪತ್ರ ಸಿಕ್ಕಿತು. ಬೇಲಿಯ ಮೇಲಿಂದ ದಾಟುವ ಸೊಪ್ಪಿಗೆ ಎಲ್ಲಿಯ ಪ್ರಮಾಣಪತ್ರ? ಅಳೆಸದೆ ಕೊಟ್ಟರೆ ಕೊಟ್ಟವರಿಗೆ ಅಳುಕು, ಅಳೆಸಿಯೇ ತಂದಿದ್ದೇನೆ ಎಂದರೆ ತಗೊಂಡವರಿಗೆ ಸಂಕೋಚ. ಎರಡೂ ಬೇಡವೆಂದು ಜನ ಕೊಡುವುದನ್ನೇ ಬಿಟ್ಟರು.

ನಮ್ಮ ಜಿಲ್ಲೆಯ ಕಾಳಿ ದಂಡೆಯ ಕೈಗಾದಲ್ಲೂ ಒಂದು ಅಣುಸ್ಥಾವರವಿದೆ. ಅದನ್ನು ವಿರೋಧಿಸಿಯೇ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತದ್ದು. ಕೈಗಾದ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಅದನ್ನೂ ಮರೆಯುವುದು ನ್ಯಾಯವಲ್ಲ. ಆದರೆ ಸ್ಥಾವರ ಕಟ್ಟುವ ಕಾಲದಲ್ಲಿ ನಾನು ಕೇಳಿದ ಪರ ವಿರೋಧದ ವಾದಗಳಲ್ಲೆಲ್ಲ ಮೆಗಾವ್ಯಾಟು, ಎಕರೆ, ಉದ್ಯೋಗ, ಕ್ಯಾನ್ಸರ್ ಇದ್ದವು. ಕಳಲೆಯ ಮಾತನ್ನು ಯಾರೂ ಎತ್ತಿದ ನೆನಪಿಲ್ಲ. ಎತ್ತಿದ್ದರೆ ನಗುತ್ತಿದ್ದರೇನೋ.

ಫುಕುಶಿಮಾದ ಪರಿಹಾರದ ಅರ್ಜಿಯಲ್ಲೂ ಮನೆಗೆ, ಗದ್ದೆಗೆ, ಸಾಮಾನು ಸರಂಜಾಮಿಗೆ ಮಾತ್ರ ಕಾಲಂ ಇತ್ತು. ಊರು ಬಿಟ್ಟ ನೋವಿಗೆ ತಲೆಗೆ ತಿಂಗಳಿಗೆ ಒಂದು ಲಕ್ಷ ಯೆನ್ ಎಂದು ನಿಗದಿಯಾಯಿತು. ಇದು ಸಾಲದು, ಹೋದದ್ದು ನಮ್ಮ ಊರುಮನೆಯ ಬದುಕೇ ಎಂದು ಬೇರೆ ಬೇರೆ ಊರಿನ ನಿರಾಶ್ರಿತರು ಕೋರ್ಟಿಗೆ ಹೋದರು. 2022ರ ಮಾರ್ಚಿನಲ್ಲಿ ಜಪಾನಿನ ಸುಪ್ರೀಂ ಕೋರ್ಟು ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಸ್ಥಾವರ ನಡೆಸುತ್ತಿದ್ದ ಟೋಕಿಯೊ ಎಲೆಕ್ಟ್ರಿಕ್ ಕಂಪನಿ ಹೆಚ್ಚುವರಿ ಪರಿಹಾರ ಕೊಡಬೇಕೆಂಬ ತೀರ್ಪುಗಳನ್ನು ಎತ್ತಿಹಿಡಿಯಿತು. ಹುಟ್ಟೂರು ಕಳೆದುಕೊಳ್ಳುವುದೂ ಒಂದು ನಷ್ಟವೆಂದು ಕೆಳಗಿನ ಕೋರ್ಟುಗಳು ಒಪ್ಪಿದ್ದವು. ಅದೇ ವರ್ಷ ಜೂನ್ 17ರಂದು ಅದೇ ಸುಪ್ರೀಂ ಕೋರ್ಟು, ಸರ್ಕಾರಕ್ಕೆ ಇದರಲ್ಲಿ ಹೊಣೆಯಿಲ್ಲ ಎಂದಿತು. ಮೊದಲ ತೀರ್ಪು ತಡವಾದರೂ ಸರಿಯಾಯಿತು. ಎರಡನೆಯದನ್ನು ನಾನು ಒಪ್ಪುವುದಿಲ್ಲ.