ಸಿಂಹಾಸನವೂ ಸಭೆಯೂ

ಪುಣೆಯಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಅರಸೊತ್ತಿಗೆಯ ನೆನಪು ಎರಡು ಕಡೆಗಳಿಂದ ಬರುತ್ತದೆ. ನೆರೆಹೊರೆಯವರ ಮಾತಿನಲ್ಲಿ ಛತ್ರಪತಿಗಳೂ ಪೇಶ್ವೆಯರೂ ಇರುತ್ತಾರೆ. ಕೆಲವರ ಮನೆಗಳಲ್ಲಿ ಅಜ್ಜಿಯ ಮಾತಿನಲ್ಲಿ ಮೈಸೂರಿನ ಮಹಾರಾಜರಿರುತ್ತಾರೆ. ಪ್ರಜಾಪ್ರಭುತ್ವವಾದರೋ ಪಠ್ಯಪುಸ್ತಕದಲ್ಲಿ ಮಾತ್ರ ಇರುತ್ತದೆ. ಆದುದರಿಂದ ನಾಗರಿಕಶಾಸ್ತ್ರದ ಪಾಠದಲ್ಲಿ ಬಾಲಕನೊಬ್ಬನು, "ಸರ್, ಮಹಾರಾಜರು ಅಷ್ಟು ಒಳ್ಳೆಯವರಾಗಿದ್ದರೆ ಅವರಿಂದ ಅಧಿಕಾರವನ್ನು ತೆಗೆದುಕೊಂಡುದೇಕೆ? ಇಂಗ್ಲೆಂಡಿನವರು ಇಂದಿಗೂ ಅರಸರನ್ನು ಇಟ್ಟುಕೊಂಡಿಲ್ಲವೇ?" ಎಂದು ಕೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು, ಉತ್ತರ ಉಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಊರಿನ ಶನಿವಾರವಾಡೆಯನ್ನೇ ನೋಡೋಣ. ಮೊದಲನೆಯ ಬಾಜೀರಾಯರು ಪೇಶ್ವೆಯಾದುದು 1720ರಲ್ಲಿ. ಮರುವರ್ಷವೇ, 1721ರಲ್ಲಿ, ಲಂಡನ್ನಿನಲ್ಲಿ ರಾಬರ್ಟ್ ವಾಲ್ಪೋಲರು ಅಧಿಕಾರಕ್ಕೆ ಬಂದರು. ಬ್ರಿಟನ್ನಿನ ಮೊದಲ ಪ್ರಧಾನಮಂತ್ರಿಯೆಂದು ಇತಿಹಾಸಕಾರರು ಎಣಿಸುವುದು ಅವರನ್ನೇ. ಎರಡು ಕಡೆಯೂ ಅರಸರಿದ್ದರು: ಸಾತಾರೆಯಲ್ಲಿ ಶಾಹು ಛತ್ರಪತಿಗಳು, ಲಂಡನ್ನಿನಲ್ಲಿ ಮೊದಲನೆಯ ಜಾರ್ಜ್ ದೊರೆ. ಎರಡು ಕಡೆಯೂ ಅಧಿಕಾರವು ಮೆಲ್ಲಮೆಲ್ಲನೆ ಮಂತ್ರಿಯ ಕೈಗೆ ಜಾರಿತು. ಆದರೆ ಆ ಮಂತ್ರಿಯನ್ನು ಲೆಕ್ಕ ಕೇಳುವವರು ಯಾರು?

1742ರಲ್ಲಿ ಕಾಮನ್ಸ್ ಸಭೆಯ ಬೆಂಬಲ ತಪ್ಪಿದಾಗ ವಾಲ್ಪೋಲರು ಪದವಿಯನ್ನು ಬಿಟ್ಟರು. ಆ ಸಭೆಗೆ ಮತ ಕೊಡುವ ಹಕ್ಕು ಅಂದು ಕೆಲವೇ ಸ್ಥಿತಿವಂತರಿಗಿದ್ದಿತೆಂಬುದು ನಿಜ. ಆದರೂ ಮಂತ್ರಿಯು ಉತ್ತರ ಕೊಡಬೇಕಾದ ಒಂದು ಸ್ಥಳವಿದ್ದಿತು. ಪುಣೆಯಲ್ಲಿ ಪೇಶ್ವೆಯ ಪದವಿ ಒಂದೇ ಮನೆತನದಲ್ಲಿ ನಿಂತಿತು. ಹೊಸ ಪೇಶ್ವೆಗೆ ಸಾತಾರೆಯಿಂದ ವಸ್ತ್ರಗಳು ಬರಬೇಕೆಂಬ ಕಟ್ಟಳೆ ಉಳಿಯಿತು. ಕೊಡಲೊಲ್ಲೆವೆನ್ನುವ ಶಕ್ತಿ ಶಾಹುಗಳ ತರುವಾಯ ಸಾತಾರೆಯಲ್ಲಿ ಉಳಿಯಲಿಲ್ಲ. ಲೆಕ್ಕ ಕೇಳುವ ಸಭೆಯಂತೂ ಇರಲೇ ಇಲ್ಲ. 1773ರ ಆಗಸ್ಟ್ 30ರಂದು ಇನ್ನೂ ಹದಿನೆಂಟರ ಹರೆಯದ ನಾರಾಯಣರಾವ್ ಪೇಶ್ವೆಯನ್ನು ವಾಡೆಯ ಒಳಗೇ ಗಾರ್ದಿ ಸಿಪಾಯಿಗಳು ಕಡಿದು ಕೊಂದರು. ಚಿಕ್ಕಪ್ಪ ರಘುನಾಥರಾಯರ ಮೇಲೆ ಅಪವಾದ ಬಂದಿತು. ಸಾತಾರೆಯ ವಸ್ತ್ರಗಳು ಅವರಿಗೂ ಬಂದುವು. ಹುಣ್ಣಿಮೆಯ ರಾತ್ರಿ ಆ ಹುಡುಗನ ಕೂಗು ಇನ್ನೂ ಕೇಳುತ್ತದೆಂಬ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪಾಠಕ್ಕಿಂತ ಚೆನ್ನಾಗಿ ಬಲ್ಲರು. ಮತದಿಂದ ಇಳಿಸುವ ದಾರಿಯಿಲ್ಲದ ಕಡೆ ಕತ್ತಿಯಿಂದ ಇಳಿಸಿದರೆಂಬುದನ್ನು ಆ ಕಥೆಯ ಜೊತೆಗೇ ಅವರು ನೆನೆಯಲಿ.

ಇನ್ನು ಮೈಸೂರು. ಅಜ್ಜಿಯರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು ಒಳ್ಳೆಯ ಅರಸರೇ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ವಿಶ್ವವಿದ್ಯಾನಿಲಯ ಇವೆಲ್ಲ ಅವರ ಕಾಲದವು. ಅವರಿಗಿಂತ ಮೊದಲೇ, 1881ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. 144 ಜನ ಸದಸ್ಯರು ಬಂದರು. ದಸರೆಗೆಂದು ಮೈಸೂರಿಗೆ ಬಂದವರು ತಮ್ಮ ಊರಿನ ಕೆರೆ, ರಸ್ತೆ, ಕಂದಾಯಗಳ ಕಷ್ಟವನ್ನು ದಿವಾನರ ಮುಂದೆ ಹೇಳಿಕೊಳ್ಳಬಹುದಾಗಿತ್ತು. ಹೇಳಿಕೊಳ್ಳಬಹುದಾಗಿತ್ತು, ಅಷ್ಟೆ. 1923ರಲ್ಲಿ ಸಭೆಗೆ ಕಾನೂನಿನ ನೆಲೆಗಟ್ಟು ದೊರೆಯಿತು. ಆದರೂ ದಿವಾನರನ್ನು ನೇಮಿಸುವವರೂ ತೆಗೆಯುವವರೂ ಮಹಾರಾಜರೇ ಆಗಿದ್ದರು. ಮಹಾರಾಜರ ಮೇಲೆ ಬ್ರಿಟಿಷರಿದ್ದರು.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅರಸರು ಅದೇ ಒಳ್ಳೆಯ ಅರಸರು. ಸಭೆ ಪ್ರಶ್ನೆ ಕೇಳಬಹುದಿತ್ತು; ಅದರ ಮತದಿಂದ ದಿವಾನರನ್ನು ಇಳಿಸುವಂತಿರಲಿಲ್ಲ. ಬಾಲಕನ ಪ್ರಶ್ನೆಗೆ ನಮ್ಮ ಉತ್ತರವು ಇಲ್ಲಿಯೇ ಇದೆ. ಅರಸರ ಒಳ್ಳೆಯತನವು ಪ್ರಜೆಗಳಿಗೆ ದೊರೆತ ಭಾಗ್ಯವಾಗಿತ್ತು, ಹಕ್ಕಾಗಿರಲಿಲ್ಲ. ಮೈಸೂರಿನ ಚಳವಳಿಗಾರರು "ಅರಸರು ಬೇಡ" ಎನ್ನಲಿಲ್ಲ, "ಜವಾಬ್ದಾರಿ ಸರ್ಕಾರ ಬೇಕು" ಎಂದರು. ಮಂತ್ರಿಗಳು ಸಭೆಗೆ ಉತ್ತರ ಕೊಡಬೇಕೆಂಬುದೇ ಆ ಮಾತಿನ ಅರ್ಥ. 1947ರ ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ" ನಡೆಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಇಂಗ್ಲೆಂಡಿನ ಮಾತನ್ನು ಬೇಗ ಮುಗಿಸಬಹುದು. ಅಲ್ಲಿ ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಸಿಂಹಾಸನವು ಅಂಕಿತ ನಿರಾಕರಿಸಿದುದು 1708ರಲ್ಲಿ ಕೊನೆಯ ಬಾರಿ. ನಮ್ಮ ರಾಷ್ಟ್ರಪತಿಗಳು ಚುನಾಯಿತರು, ಅವರ ಅವಧಿ ಐದು ವರ್ಷ. ಆದರೆ ಅವರೂ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ, ಮಂತ್ರಿಮಂಡಲವು ನಿಲ್ಲುವುದು ಲೋಕಸಭೆಯ ವಿಶ್ವಾಸದ ಮೇಲೆ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ ಒಂದೇ ಒಂದು ಮತದಿಂದ ಬಿದ್ದಿತು. ಅಮೆರಿಕೆಯ ಅಧ್ಯಕ್ಷರು ಹೀಗೆ ಅವಿಶ್ವಾಸದಿಂದ ಬೀಳುವುದಿಲ್ಲ. ನಾಲ್ಕು ವರ್ಷದ ಅವಧಿ ಅವರದು. ಗಣರಾಜ್ಯವಾದ ನಾವು ಈ ವಿಷಯದಲ್ಲಿ ಗಣರಾಜ್ಯವಾದ ಅಮೆರಿಕೆಗಿಂತ ಅರಸರುಳ್ಳ ಇಂಗ್ಲೆಂಡಿಗೆ ಹತ್ತಿರದವರೆಂಬುದು ವಿಚಿತ್ರವಾದರೂ ನಿಜ.

ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು 1950ರ ಜನವರಿ 26ರಿಂದ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು, ನಮ್ಮವರ ಬಹುದಿನದ ಬಯಕೆಯಂತೆ ಕನ್ನಡ ನಾಡು ಒಂದಾದ ದಿನ, ಅವರೇ ರಾಜ್ಯಪಾಲರಾದರು. ವ್ಯಕ್ತಿ ಅವರೇ, ಊರೂ ಅದೇ. ನೇಮಕದ ಪತ್ರ ಮಾತ್ರ ರಾಷ್ಟ್ರಪತಿಗಳಿಂದ ಬಂದಿತ್ತು. 1964ರಲ್ಲಿ ಅವರು ಮದರಾಸಿಗೆ ರಾಜ್ಯಪಾಲರಾಗಿ ಹೋದರು. ಅವರ ಪೀಠಕ್ಕೆ ಬಂದವರು ಅವರ ಮಗನಲ್ಲ, ನಿವೃತ್ತ ಸೇನಾಧಿಪತಿಗಳಾದ ಜನರಲ್ ಶ್ರೀನಾಗೇಶರು.